ನಾಲ್ಕನೆಯ ತಲೆಮಾರಿನಲ್ಲಿ ತುಂಡಾಗುವ ವಂಶಾವಳಿ: ಕೊಡಗಿನ ಕುಟುಂಬಗಳ ಮೂಲವನ್ನು ಎಲ್ಲಿ ಹುಡುಕಬೇಕು?

ಮೂರ್ನಾಡಿನ ಕಡೆಯವನು

ಎಲ್ಲರಿಗೂ ನಮಸ್ಕಾರ. ನಮ್ಮ ಐನ್‌ಮನೆಯ (ಕುಟುಂಬದ ಮೂಲಮನೆಯ) ಜೀರ್ಣೋದ್ಧಾರ ಮುಗಿಯುತ್ತ ಬಂದಿದೆ. ಒಕ್ಕದ, ಅಂದರೆ ಮೂಲಕುಟುಂಬದ, ಎಲ್ಲ ಕವಲುಗಳವರು ಕಾರಣವರಿಗೆ (ಗತಿಸಿದ ಹಿರಿಯರಿಗೆ) ಎಡೆ ಕೊಡಲು ಒಟ್ಟುಗೂಡುವ ದಿನ ವಂಶಾವಳಿಯ ಪುಸ್ತಿಕೆಯೊಂದನ್ನು ಹಂಚಬೇಕೆಂದು ಹಿರಿಯರು ತೀರ್ಮಾನಿಸಿದ್ದು, ಅದನ್ನು ಸಿದ್ಧಪಡಿಸುವ ಹೊಣೆ ನನ್ನ ಪಾಲಿಗೆ ಬಂದಿದೆ. ಒಕ್ಕದಲ್ಲಿ ನಾಲ್ಕು ಕವಲುಗಳಿವೆ. ಅವುಗಳಲ್ಲಿ ಮೂರು ಒಬ್ಬನೇ ತಂದೆಯ ಮೂವರು ಗಂಡುಮಕ್ಕಳಿಂದ ಬಂದವೆಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ನಮ್ಮ ಕವಲು ಮಾತ್ರ ನನ್ನ ಮುತ್ತಜ್ಜನ ತಂದೆಯ ಹೆಸರಿಗೆ ಬಂದು ನಿಂತುಬಿಡುತ್ತದೆ. ಅವರ ಹೆಸರಿರುವ ಬ್ರಿಟಿಷ್ ಕಾಲದ ಕಂದಾಯ ರಸೀದಿಯೊಂದು ಮನೆಯ ಹಳೆಯ ಪೆಟ್ಟಿಗೆಯಲ್ಲಿದೆ. ಅದರಲ್ಲಿ ಒಕ್ಕದ ಹೆಸರು ಸ್ಪಷ್ಟವಾಗಿದೆ, ಆದರೆ ಅವರು ಯಾರ ಮಗನೆಂಬುದು ಅಲ್ಲಿಯೂ ಇಲ್ಲ, ಬೇರೆ ಕವಲುಗಳ ಹಿರಿಯರ ನೆನಪಿನಲ್ಲಿಯೂ ಇಲ್ಲ.

ನಾಡಕಚೇರಿಯಿಂದ ಪಡೆದ ವಂಶವೃಕ್ಷ ದೃಢೀಕರಣ ಪತ್ರ ಅಜ್ಜನಿಂದ ಕೆಳಗಿನವರಿಗೆ ಸೀಮಿತವಾಗಿದೆ. ಅದಕ್ಕಿಂತ ಹಿಂದಿನ ದಾಖಲೆಗಳಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬರುವುದರಿಂದ ಎಲ್ಲಿ ಒಬ್ಬನ ಜೀವನ ಮುಗಿದು ಇನ್ನೊಬ್ಬನದು ಆರಂಭವಾಯಿತೆಂದು ಗುರುತಿಸುವುದೇ ಕಷ್ಟವಾಗಿದೆ. ಕೊಡಗಿನಲ್ಲಿ ಇಂಥ ಕೆಲಸವನ್ನು ಮಾಡಿ ದಡ ಸೇರಿದವರು ಯಾರಾದರೂ ಇದ್ದರೆ ದಯವಿಟ್ಟು ದಾರಿ ತೋರಿಸಬೇಕು.

ನಿವೃತ್ತ ಕಂದಾಯ ನೌಕರ, ವಿರಾಜಪೇಟೆ

ನೀವು ವ್ಯಕ್ತಿಯನ್ನು ಹುಡುಕುತ್ತಿದ್ದೀರಿ. ಆದರೆ ನೀವು ಹುಡುಕುತ್ತಿರುವ ಕಾಲದ ಲೆಕ್ಕಗಳು ವ್ಯಕ್ತಿಯ ಸಲುವಾಗಿ ಬರೆದವುಗಳಲ್ಲ. ಜಮ್ಮಾ, ಅಂದರೆ ವಂಶಪಾರಂಪರ್ಯವಾಗಿ ಬರುವ ಜಮೀನು, ಒಕ್ಕದ ಸೊತ್ತು. ಅದನ್ನು ಪಾಲು ಮಾಡುವ, ಮಾರುವ ಹಕ್ಕು ಯಾರೊಬ್ಬರಿಗೂ ಇರಲಿಲ್ಲ, ಕಂದಾಯಕ್ಕೆ ಹೊಣೆಯಾಗಿದ್ದವನು ಒಕ್ಕದ ಮುಖ್ಯಸ್ಥನಾದ ಪಟ್ಟೆದಾರ. ಆದ್ದರಿಂದ ಲೆಕ್ಕದಲ್ಲಿ ಕಾಣುವುದು ಪಟ್ಟೆದಾರನ ಹೆಸರು ಮಾತ್ರ; ಅವನ ತಮ್ಮಂದಿರು, ಅಣ್ಣನ ಮಕ್ಕಳು, ಮನೆಯಲ್ಲಿದ್ದ ಇನ್ನಿತರರು ಇದ್ದೂ ಇಲ್ಲದವರಂತೆ ಉಳಿಯುತ್ತಾರೆ. ಪಟ್ಟೆದಾರ ತೀರಿಕೊಂಡ ಮೇಲೆಯೂ ಬದಲಾವಣೆಗೆ ಯಾರೂ ಅರ್ಜಿ ಕೊಡದಿದ್ದರೆ ಸತ್ತವನ ಹೆಸರಿನಲ್ಲಿಯೇ ಖಾತೆ ದಶಕಗಟ್ಟಲೆ ಮುಂದುವರಿದ ಉದಾಹರಣೆಗಳನ್ನು ನನ್ನ ಸೇವಾವಧಿಯಲ್ಲಿ ಧಾರಾಳವಾಗಿ ಕಂಡಿದ್ದೇನೆ. ಒಂದೇ ಹೆಸರು ಬಹುಕಾಲ ಕಂಡುಬಂದರೆ ಮೊದಲು ಈ ಸಾಧ್ಯತೆಯನ್ನು ಪರಿಶೀಲಿಸಿ.

ಎರಡನೆಯ ಸಾಧ್ಯತೆ ನಮ್ಮ ಹೆಸರಿಡುವ ಪದ್ಧತಿಯಿಂದ ಬಂದದ್ದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಮುತ್ತಣ್ಣನೋ ಪೊನ್ನಪ್ಪನೋ ಮರಳಿ ಬರುತ್ತಾನೆ. ಎರಡು ದಾಖಲೆಗಳ ನಡುವೆ ಅರವತ್ತು ಎಪ್ಪತ್ತು ವರ್ಷಗಳ ಅಂತರವಿದ್ದು ಹೆಸರು ಒಂದೇ ಆಗಿದ್ದರೆ ಅವರು ಅಜ್ಜ ಮೊಮ್ಮಕ್ಕಳಾಗಿರುವ ಸಂಭವವೇ ಹೆಚ್ಚು. ಇದನ್ನು ಬಿಡಿಸಲು ಪೂರ್ಣ ಹೆಸರು ಬೇಕು. ನಮ್ಮಲ್ಲಿ ಮೊದಲು ಒಕ್ಕದ ಹೆಸರು, ಬಳಿಕ ತಂದೆಯ ಹೆಸರು, ಕೊನೆಗೆ ಸ್ವಂತ ಹೆಸರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು ಕೊಡಂದೇರ ಮಾದಪ್ಪ ಕಾರ್ಯಪ್ಪ ಆಗಿರುವಂತೆ. ಕಂದಾಯದ ಗುಮಾಸ್ತರು ಎಷ್ಟೋ ಕಡೆ ನಡುವಿನ ಹೆಸರನ್ನು ನುಂಗಿಹಾಕಿದ್ದಾರೆ. ಶಾಲೆಯ ದಾಖಲಾತಿ ಪುಸ್ತಕ, ನೋಂದಣಿ ಕಚೇರಿಯ ಅಡಮಾನ ಪತ್ರ ಮತ್ತು ನ್ಯಾಯಾಲಯದ ಕಾಗದಗಳಲ್ಲಿ ಅದು ಉಳಿದಿರುತ್ತದೆ.

ಇನ್ನು ನಿಮ್ಮ ರಸೀದಿ. ಹಳೆಯ ದರದಲ್ಲಿ ನೂರು ಬಟ್ಟಿ (ಗದ್ದೆಯ ಹಳೆಯ ಅಳತೆ) ಗದ್ದೆಗೆ ಪೂರ್ಣ ಕಂದಾಯದ ಸಾಗು ಜಮೀನಾದರೆ 10 ರೂಪಾಯಿ, ಜಮ್ಮಾ ಆದರೆ 5 ರೂಪಾಯಿ ಕಂದಾಯವಿತ್ತು. ಮುಂದೆ ದರಗಳು ಪರಿಷ್ಕರಣೆಯಾದರೂ ಜಮ್ಮಾಕ್ಕೆ ಅರ್ಧ ಎಂಬ ತತ್ತ್ವ ಉಳಿದುಕೊಂಡಿತು. ರಸೀದಿಯಲ್ಲಿ ವಿಸ್ತೀರ್ಣವೂ ಮೊತ್ತವೂ ಇದ್ದರೆ ಅದು ಯಾವ ಹಿಡುವಳಿಯೆಂದು ಲೆಕ್ಕ ಹಾಕಬಹುದು. ಜಮ್ಮಾ ಎಂದಾದರೆ ಅವರು ಆಗ ಒಕ್ಕದ ಪಟ್ಟೆದಾರರಾಗಿದ್ದಿರಬೇಕು, ಆಗ ಉಳಿದ ಮೂರು ಕವಲುಗಳ ಕಾಗದಗಳಲ್ಲಿಯೂ ಅವರ ಹೆಸರು ಸಿಗಬೇಕು. ಸಾಗು ಎಂದಾದರೆ ಅವರು ಪ್ರತ್ಯೇಕವಾಗಿ ಜಮೀನು ಮಾಡಿಕೊಂಡವರು. ಏಕೆ ಪ್ರತ್ಯೇಕವಾದರು ಎಂಬುದೇ ನಿಮ್ಮ ಮುಂದಿನ ಪ್ರಶ್ನೆಯಾಗುತ್ತದೆ.

ಇದಕ್ಕೂ ಹಿಂದೆ ಹೋಗಬೇಕೆಂದರೆ ಕೊಡಗಿನ ಅರಸ ಲಿಂಗರಾಜೇಂದ್ರನ ಆಳ್ವಿಕೆಯಲ್ಲಿ, ಅಂದರೆ 1811ರಿಂದ 1820ರೊಳಗೆ, ಜಮೀನು ಅಳೆದು ಬರೆಸಿದ ಶಿಸ್ತಿನ (ಕಂದಾಯ ನಿಗದಿಯ) ಲೆಕ್ಕಗಳಿವೆ. ಅಲ್ಲಿ ಒಕ್ಕದ ಹೆಸರು ಸಿಕ್ಕರೆ ಆ ಕಾಲಕ್ಕೆ ನಿಮ್ಮ ಒಕ್ಕ ಆ ನಾಡಿನಲ್ಲಿ ನೆಲೆಸಿತ್ತೆಂದು ಧೈರ್ಯವಾಗಿ ಹೇಳಬಹುದು. ಅಪ್ಪ ಮಗನ ಸಂಬಂಧ ಅಲ್ಲಿಂದ ಸಿಗುತ್ತದೆಂದು ನಿರೀಕ್ಷಿಸಬೇಡಿ.

ಬೆಂಗಳೂರಿನಲ್ಲಿರುವ ಅಮ್ಮತ್ತಿಯವಳು

ಇಷ್ಟೆಲ್ಲ ಕಡತ ಹುಡುಕುವ ಬದಲು ನಾಲ್ಕು ಕವಲುಗಳಿಂದ ಒಬ್ಬೊಬ್ಬ ಗಂಡಸು ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಸಾಲದೆ? ವೈ ಕ್ರೋಮೋಸೋಮ್ ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಬದಲಾಗದೆ ಹೋಗುತ್ತದೆ, ಒಕ್ಕವೂ ಹಾಗೆಯೇ ಸಾಗುತ್ತದೆಯಲ್ಲವೆ?

ಇನ್ನೊಂದು ವಿಷಯ. ಆ ಮನೆಯವರು ಯಾರಾದರೂ ಮಹಾಯುದ್ಧಗಳಲ್ಲಿ ಸೈನ್ಯದಲ್ಲಿದ್ದು ಮಡಿದಿದ್ದರೆ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಜಾಲತಾಣದಲ್ಲಿ ಶುಲ್ಕವಿಲ್ಲದೆ ಹೆಸರು ಹುಡುಕಬಹುದು. ಅನೇಕ ನಮೂದುಗಳಲ್ಲಿ ತಂದೆಯ ಹೆಸರೂ ಊರೂ ಇರುತ್ತವೆ. ನಮ್ಮ ಮನೆಯ ಒಂದು ಗಂಟು ಬಿಚ್ಚಿಕೊಂಡದ್ದು ಅಲ್ಲಿಂದಲೇ.

ನಾಪೋಕ್ಲಿನ ಶಿಕ್ಷಕಿ

ತಂಗಿಯ ಸಲಹೆಯಲ್ಲಿ ಒಂದು ತೊಡಕಿದೆ. ಒಕ್ಕವು ರಕ್ತದ ಜೊತೆಗೇ ಸಾಗುತ್ತದೆ ಎಂದು ಭಾವಿಸಿದರೆ ಮಾತ್ರ ಆ ಪರೀಕ್ಷೆಯಿಂದ ಒಕ್ಕದ ಪ್ರಶ್ನೆಗೆ ಉತ್ತರ ಸಿಗುತ್ತದೆ. ನಮ್ಮ ಹಿರಿಯರು ಹಾಗೆ ಭಾವಿಸಿರಲಿಲ್ಲ. ಗಂಡು ಸಂತಾನವಿಲ್ಲದೆ ಒಕ್ಕ ಅಳಿಯುವ ಸಂದರ್ಭ ಬಂದಾಗ ಅದನ್ನು ಉಳಿಸಿಕೊಳ್ಳುವ ವ್ಯವಸ್ಥೆಗಳು ನಮ್ಮ ಕಟ್ಟುಪಾಡಿನಲ್ಲಿಯೇ ಇದ್ದವು. ಒಕ್ಕಪರಿಜೆಯ ಮದುವೆಯಲ್ಲಿ ಗಂಡನೇ ತನ್ನ ಹುಟ್ಟಿದ ಒಕ್ಕದ ಹಕ್ಕುಗಳನ್ನು ಬಿಟ್ಟು ಹೆಂಡತಿಯ ಒಕ್ಕಕ್ಕೆ ಸೇರುತ್ತಾನೆ. ಮಕ್ಕಪರಿಜೆಯಲ್ಲಿ ಗಂಡ ತನ್ನ ಒಕ್ಕದಲ್ಲಿಯೇ ಉಳಿಯುತ್ತಾನೆ, ಹುಟ್ಟುವ ಮಕ್ಕಳು ತಾಯಿಯ ಒಕ್ಕದ ಹೆಸರನ್ನು ಪಡೆಯುತ್ತಾರೆ. ದತ್ತು ಬೇರೆ ಇದೆ. ಇವುಗಳಲ್ಲಿ ಯಾವುದು ನಡೆದಿದ್ದರೂ ವೈ ಕ್ರೋಮೋಸೋಮ್ ಬೇರೆ ಒಕ್ಕದ್ದನ್ನು ತೋರಿಸುತ್ತದೆ, ಹಕ್ಕು ಮಾತ್ರ ಇದೇ ಒಕ್ಕದ್ದಾಗಿರುತ್ತದೆ. ಪರೀಕ್ಷೆಯ ಫಲಿತಾಂಶವನ್ನು ಹಿಡಿದು ಐನ್‌ಮನೆಗೆ ಹೋಗಿ ಜಗಳಕ್ಕೆ ಕಾರಣವಾಗುವುದು ಬೇಡ.

ಮೂರ್ನಾಡಿನವರ ಬರಹವನ್ನು ಓದಿದಾಗ ನನಗೆ ಮೊದಲು ಹೊಳೆದದ್ದೂ ಇದೇ. ಮೂರು ಕವಲುಗಳು ಅಣ್ಣತಮ್ಮಂದಿರಿಂದ ಬಂದಿರುವಾಗ ನಾಲ್ಕನೆಯದರ ಮೂಲಪುರುಷನ ತಂದೆ ಯಾರೆಂದು ಯಾರಿಗೂ ಗೊತ್ತಿಲ್ಲವಾದರೆ, ಅವನು ಆ ಮನೆಯ ಮಗಳ ಮಗನಾಗಿರಬಹುದೇ ಎಂದು ಕೇಳಲೇಬೇಕು. ವಂಶಾವಳಿ ಬರೆಯುವ ಗಂಡಸರು ಈ ಪ್ರಶ್ನೆಯನ್ನು ಕೇಳುವುದು ಅಪರೂಪ, ಏಕೆಂದರೆ ಅವರ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರೇ ಇರುವುದಿಲ್ಲ. ನೀವು ಸಿದ್ಧಪಡಿಸುತ್ತಿರುವ ಪಟ್ಟಿಯಲ್ಲಿ ಆ ಮೂವರು ಅಣ್ಣತಮ್ಮಂದಿರಿಗೆ ಅಕ್ಕತಂಗಿಯರಿದ್ದರೆಂದು ಬರೆದಿದ್ದೀರಾ?

ಕಾಗದದಲ್ಲಿ ಸಿಗದದ್ದನ್ನು ಮೂರು ಕಡೆ ಕೇಳಬಹುದು. ಮೊದಲನೆಯದು ನಿಮ್ಮ ಒಕ್ಕದ ಅರುವ. ಮದುವೆಯಲ್ಲಿ ಸಂಬಂಧ ಅಡಕುವ ಶಾಸ್ತ್ರ ನಡೆಯುವಾಗ ನಿಮ್ಮ ಒಕ್ಕದ ಪರವಾಗಿ ನಿಂತು ಹೆಣ್ಣಿನ ಹಕ್ಕುಗಳ ಮಾತನ್ನಾಡುವವರು ಅವರೇ ಆದ್ದರಿಂದ, ಯಾವ ಮದುವೆ ಯಾವ ಷರತ್ತಿನಲ್ಲಿ ನಡೆಯಿತೆಂಬ ನೆನಪು ನಿಮ್ಮ ಮನೆಯಲ್ಲಿ ಅಳಿದಿದ್ದರೂ ಅರುವನ ಮನೆಯಲ್ಲಿ ಉಳಿದಿರುವ ಸಾಧ್ಯತೆಯಿದೆ. ಎರಡನೆಯದು ಸೂತಕ. ಸಾವಿನ ಸೂತಕವನ್ನು ನಿಮ್ಮ ಕವಲಿನವರು ಯಾವ ಯಾವ ಮನೆಗಳೊಂದಿಗೆ ಆಚರಿಸುತ್ತಾರೆ, ನಿಮ್ಮ ಒಕ್ಕಕ್ಕೆ ಸೇರದ ಯಾವುದಾದರೂ ಮನೆಯೊಂದಿಗೆ ಮದುವೆ ಸಂಬಂಧ ಬೆಳೆಸಬಾರದೆಂಬ ಕಾರಣ ತಿಳಿಯದ ನಿಷೇಧವಿದೆಯೇ ಎಂದು ವಯಸ್ಸಾದ ಹೆಂಗಸರನ್ನು ಕೇಳಿ. ಹಾಗೊಂದು ಮನೆ ಇದ್ದರೆ ಅದು ಮೂಲಪುರುಷನ ತಂದೆಯ ಒಕ್ಕವಾಗಿರುವ ಸಂಭವ ಬಹಳ. ಮೂರನೆಯದು ಮೀದಿ (ಗತಿಸಿದ ಹಿರಿಯರಿಗೆ ಎಡೆ) ಇಡುವಾಗ ಹೇಳುವ ಹೆಸರುಗಳು. ಕಾರಣವರ ಗುಡಿಯಾದ ಕೈಮಡದಲ್ಲಿ ಹಿರಿಯರು ಯಾರನ್ನೆಲ್ಲ ನೆನೆಯುತ್ತಾರೋ ಆ ಕ್ರಮವನ್ನು ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ.

1785ರಲ್ಲಿ ಟಿಪ್ಪುವಿನ ಸೈನ್ಯ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದವರಲ್ಲಿ ಎಷ್ಟೋ ಒಕ್ಕಗಳ ಗಂಡಸರಿದ್ದರು. ಸಂಖ್ಯೆಯ ಬಗ್ಗೆ ವಾದಗಳಿವೆ, ಅದು ಈ ಚರ್ಚೆಗೆ ಬೇಡ. ಒಕ್ಕವನ್ನು ಹೆಣ್ಣುಮಕ್ಕಳ ಮೂಲಕ ಉಳಿಸಿಕೊಳ್ಳುವ ಅಗತ್ಯ ಆ ಕಾಲದಲ್ಲಿ ಹೆಚ್ಚಾಗಿತ್ತೆಂದು ಊಹಿಸುವುದು ಕಷ್ಟವಲ್ಲ. ಕೊಡಗಿನ ಕೆಲವು ಮುಸ್ಲಿಂ ಕುಟುಂಬಗಳು ಇಂದಿಗೂ ಒಕ್ಕದ ಹೆಸರನ್ನೇ ಮನೆಯ ಹೆಸರಾಗಿ ಉಳಿಸಿಕೊಂಡಿರುವುದನ್ನು ಬಲ್ಲವರಿಗೆ, ಒಂದು ಹೆಸರಿನ ಹಿಂದೆ ಎಷ್ಟು ದಾರಿಗಳಿರಬಹುದೆಂದು ಹೇಳಬೇಕಾಗಿಲ್ಲ.

ಸಂಪಾಜೆಯವನು

ಕೊಡವರಲ್ಲದವರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ನಾವು ಅರೆಭಾಷೆ ಗೌಡರು. ನಮ್ಮಲ್ಲಿಯೂ ಐನ್‌ಮನೆ ಇದೆ, ಹತ್ತು ಕುಟುಂಬ ಹದಿನೆಂಟು ಗೋತ್ರ ಎಂಬ ಮಾತಿದೆ. ನಮ್ಮ ಕುಟುಂಬದ ಒಂದು ಪಾಲು ಮಡಿಕೇರಿ ಕಡೆ, ಇನ್ನೊಂದು ಪಾಲು ಸುಳ್ಯದ ಕಡೆ. ಮಡಿಕೇರಿಯ ದಾಖಲೆಗಳಲ್ಲಿ ಸುಳ್ಯದ ಪಾಲಿನವರು ಇದ್ದಕ್ಕಿದ್ದಂತೆ ಕಾಣೆಯಾಗುವುದನ್ನು ಕಂಡು, ಅವರು ಸಂತಾನವಿಲ್ಲದೆ ತೀರಿಕೊಂಡಿರಬೇಕೆಂದು ನಮ್ಮ ಹಿಂದಿನವರು ಬರೆದಿಟ್ಟಿದ್ದರು.

ಕಾಣೆಯಾದದ್ದು ಮನುಷ್ಯರಲ್ಲ, ಗಡಿ. ಅಮರ ಸುಳ್ಯದ ಪ್ರದೇಶ ಕೊಡಗನ್ನಾಳಿದ ಹಾಲೇರಿ ಅರಸರ ಕೊನೆಯ ಮೂರು ದಶಕಗಳಲ್ಲಿ ಕೊಡಗಿಗೆ ಸೇರಿತ್ತು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಂಪನಿ ಕೊಡಗನ್ನು ವಶಪಡಿಸಿಕೊಂಡ ಮೇಲೆ ಅದನ್ನು ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಅಲ್ಲಿಂದ 1956ರವರೆಗೆ ಸುಳ್ಯ ಮದರಾಸು ಆಡಳಿತದಲ್ಲಿತ್ತು, ಕೊಡಗು ಪ್ರತ್ಯೇಕ ಪ್ರಾಂತ್ಯವಾಗಿತ್ತು. ಹೊಳೆಯ ಈಚೆಗೂ ಆಚೆಗೂ ಗದ್ದೆಯಿದ್ದ ಅಣ್ಣತಮ್ಮಂದಿರು ಎರಡು ಸರ್ಕಾರಗಳ ಪುಸ್ತಕಕ್ಕೆ ಹಂಚಿಹೋದರು. ಇದರ ಮೇಲೆ 1837ರ ಅಮರ ಸುಳ್ಯ ದಂಗೆ. ಅದರಲ್ಲಿ ಭಾಗವಹಿಸಿದವರ ಮನೆಯವರು ತಲೆಮರೆಸಿಕೊಂಡು ಬೇರೆ ಊರುಗಳಲ್ಲಿ ನೆಲೆಸಿದ ಕಥೆ ನಮ್ಮ ಕಡೆ ಅನೇಕ ಮನೆಗಳಲ್ಲಿದೆ. ಎಲ್ಲವನ್ನೂ ನಂಬಬೇಕಾಗಿಲ್ಲ, ದಂಗೆಯ ಬಳಿಕ ಎಲ್ಲರ ಅಜ್ಜನೂ ವೀರನೇ. ಆದರೂ ಗಡಿಯ ಹತ್ತಿರದ ಕುಟುಂಬವಾದರೆ ದಕ್ಷಿಣ ಕನ್ನಡದ ಕಡತಗಳನ್ನು ನೋಡದೆ ವಂಶ ನಿಂತಿತೆಂದು ಬರೆಯಬೇಡಿ.

ಸಿದ್ದಾಪುರದ ಲೈನ್‌ಮನೆಯ ಹುಡುಗ

ಎಲ್ಲವನ್ನೂ ಓದಿದೆ. ಐನ್‌ಮನೆ, ಜಮ್ಮಾ, ಪಟ್ಟೆದಾರ, ಅರುವ, ಇವು ಯಾವುವೂ ಇಲ್ಲದವರು ಏನು ಮಾಡಬೇಕು? ನಮ್ಮ ಮುತ್ತಜ್ಜ ಕಾಫಿ ತೋಟದ ಕೆಲಸಕ್ಕೆ ಬಂದವರು ಎಂಬುದಷ್ಟೇ ನಮಗೆ ಗೊತ್ತು. ಎಲ್ಲಿಂದ ಬಂದರೆಂದು ಕೇಳಿದರೆ ಅಜ್ಜಿ ಒಮ್ಮೆ ಮೈಸೂರು ಸೀಮೆ ಎನ್ನುತ್ತಾರೆ, ಒಮ್ಮೆ ಘಟ್ಟದ ಕೆಳಗೆ ಎನ್ನುತ್ತಾರೆ.

ನಿವೃತ್ತ ಕಂದಾಯ ನೌಕರ, ವಿರಾಜಪೇಟೆ

ತಮ್ಮಾ, ನಿನ್ನ ಪ್ರಶ್ನೆ ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು. ರಾಜರ ಕಾಲದ ವ್ಯವಸ್ಥೆಯಲ್ಲಿ ಜಮ್ಮದ ಆಳುಗಳನ್ನು ಜಮೀನಿನ ಜೊತೆಗೇ ಎಣಿಸುತ್ತಿದ್ದರು; ಜೀತಕ್ಕೆ ಕಾನೂನಿನ ಮಾನ್ಯತೆಯನ್ನು ತೆಗೆದ 1843ರ ಕಾಯಿದೆಯ ನಂತರವೂ ಅವರ ಹೆಸರುಗಳು ಸ್ವತಂತ್ರವಾಗಿ ಪುಸ್ತಕಕ್ಕೆ ಬರಲಿಲ್ಲ. ಎರವರ, ಹೊಲೆಯರ ಕುಟುಂಬಗಳ ವಿಷಯದಲ್ಲಿ ಧಣಿಯ ಒಕ್ಕದ ಕಾಗದಗಳಲ್ಲಿ ಹುಡುಕದೆ ಬೇರೆ ದಾರಿಯಿಲ್ಲ, ಆ ಕಾಗದಗಳು ಧಣಿಯ ಮನೆಯವರ ಪೆಟ್ಟಿಗೆಯಲ್ಲಿರುತ್ತವೆ ಎಂಬುದು ಇನ್ನೊಂದು ಕಷ್ಟ. ಐನ್‌ಮನೆಯ ಪುಸ್ತಿಕೆಗಳನ್ನು ಬರೆಯುವವರು ತಮ್ಮ ಹಳೆಯ ಲೆಕ್ಕಗಳಲ್ಲಿ ಕಾಣುವ ಆಳುಗಳ ಹೆಸರನ್ನೂ ಪ್ರಕಟಿಸಿದರೆ ಅನೇಕರಿಗೆ ಉಪಕಾರವಾದೀತು. ಅದಕ್ಕೆ ಎಷ್ಟು ಮಂದಿ ಒಪ್ಪುತ್ತಾರೆಂದು ಹೇಳಲಾರೆ.

ತೋಟದ ಕುಟುಂಬಗಳಿಗೆ ಸ್ವಲ್ಪ ಬೆಳಕಿದೆ. ಯುರೋಪಿಯನ್ನರ ಕಾಫಿ ತೋಟಗಳು ಕೊಡಗಿನಲ್ಲಿ ಆರಂಭವಾದದ್ದು 1854ರಲ್ಲಿ. ತೋಟದ ಚೆಕ್‌ರೋಲಿನಲ್ಲಿ (ಆಳುಗಳ ಹಾಜರಿ ಪುಸ್ತಕದಲ್ಲಿ) ಹೆಸರು ಸಾಮಾನ್ಯವಾಗಿ ಮೇಸ್ತ್ರಿಯ ಗುಂಪಿನ ಕೆಳಗೆ ಇರುತ್ತದೆ. ಮೇಸ್ತ್ರಿ ಯಾವ ಊರಿನವನೆಂದು ತಿಳಿದರೆ ಅವನು ಮುಂಗಡ ಕೊಟ್ಟು ಕರೆತಂದವರೂ ಬಹುತೇಕ ಆ ಸುತ್ತಿನವರೇ ಆಗಿರುತ್ತಾರೆ. ಆದ್ದರಿಂದ ಮುತ್ತಜ್ಜನನ್ನು ಬಿಟ್ಟು ಮೇಸ್ತ್ರಿಯನ್ನು ಹುಡುಕು. 1951ರ ತೋಟ ಕಾರ್ಮಿಕರ ಕಾಯಿದೆ ಬಂದ ಮೇಲಿನ ನೋಂದಣಿ ಪುಸ್ತಕಗಳು, ಭವಿಷ್ಯನಿಧಿಯ ನಾಮನಿರ್ದೇಶನ ಪತ್ರಗಳು ಮತ್ತು ಹಳೆಯ ಮತದಾರರ ಪಟ್ಟಿಗಳಲ್ಲಿ ತಂದೆಯ ಅಥವಾ ಗಂಡನ ಹೆಸರು ಸಿಗುತ್ತದೆ.

ನಿಮ್ಮ ಮನೆಯವರು ಕ್ರೈಸ್ತರಾಗಿದ್ದರೆ ಹೇಳು. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು 1792ರಷ್ಟು ಹಳೆಯದು. ಸಿದ್ದಾಪುರದ ಕಡೆಯ ಆನಂದಪುರವಂತೂ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಅವರು 1850ರ ದಶಕದಲ್ಲಿ ನೆಲೆಗೊಳಿಸಿದ ಊರು. ಮಿಷನ್ನಿನ ಹಳೆಯ ಕಾಗದಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿಯೂ ಮಂಗಳೂರಿನ ಬಲ್ಮಠದಲ್ಲಿರುವ ದೇವಶಾಸ್ತ್ರ ಕಾಲೇಜಿನಲ್ಲಿಯೂ ಇವೆ. ಜ್ಞಾನಸ್ನಾನದ ಪುಸ್ತಕ ಸಿಕ್ಕರೆ ತಾಯಿಯ ಹೆಸರೂ ಸಿಗುತ್ತದೆ, ಕಂದಾಯದ ಯಾವ ಪುಸ್ತಕದಲ್ಲಿಯೂ ಆ ಭಾಗ್ಯವಿಲ್ಲ.

ಸಿದ್ದಾಪುರದ ಲೈನ್‌ಮನೆಯ ಹುಡುಗ

ಕ್ರೈಸ್ತರಲ್ಲ ಸಾರ್. ಮೇಸ್ತ್ರಿಯ ಹೆಸರು ಅಜ್ಜಿಗೆ ನೆನಪಿದೆ, ಅವರ ಮೊಮ್ಮಕ್ಕಳು ಪಾಲಿಬೆಟ್ಟದಲ್ಲಿದ್ದಾರೆ. ಹೋಗಿ ಕೇಳುತ್ತೇನೆ.

ಮೂರ್ನಾಡಿನ ಕಡೆಯವನು

ಹಿರಿಯರ ಮತ್ತು ಅಕ್ಕನವರ ಸೂಚನೆಗಳಂತೆ ನಡೆದುಕೊಂಡು ಕಂಡದ್ದನ್ನು ತಿಳಿಸುತ್ತಿದ್ದೇನೆ. ರಸೀದಿಯ ಲೆಕ್ಕ ಹಾಕಿದಾಗ ಅದು ಸಾಗು ಜಮೀನಿನದೆಂದು ಸ್ಪಷ್ಟವಾಯಿತು. ಬಳಿಕ ಅರುವರ ಮನೆಗೆ ಹೋದೆ. ಅಲ್ಲಿನ ಹಿರಿಯರೊಬ್ಬರು, ನಿಮ್ಮ ಕವಲು ಮಗಳ ಕವಲಲ್ಲವೇ ಎಂದು, ಎಲ್ಲರಿಗೂ ತಿಳಿದಿರುವ ಸಂಗತಿಯೆಂಬಂತೆ ಕೇಳಿದರು. ಅವರ ಮಾತೊಂದನ್ನೇ ನಂಬಿ ಬರೆಯುವುದು ಸರಿಯಲ್ಲವೆಂದು, ಒಕ್ಕದೊಳಗೆ ಬಾಣೆಯ (ಗದ್ದೆಗೆ ಸೇರಿದ ಕಾಡುಭೂಮಿಯ) ವಿಷಯದಲ್ಲಿ ಹಿಂದೆ ನಡೆದಿದ್ದ ದಾವೆಯೊಂದರ ತೀರ್ಪಿನ ನಕಲಿಗೆ ಅರ್ಜಿ ಹಾಕಿದೆ. ತೀರ್ಪಿನಲ್ಲಿ ವಾದಿಯ ಕಡೆಯವರು ಹಾಜರುಪಡಿಸಿದ ವಂಶಾವಳಿಯ ವಿವರಣೆಯಿದೆ. ನನ್ನ ಮುತ್ತಜ್ಜನ ತಂದೆ ಆ ಮೂವರು ಅಣ್ಣತಮ್ಮಂದಿರ ಅಕ್ಕನ ಮಗ, ಮಕ್ಕಪರಿಜೆಯ ಮದುವೆಯಿಂದ ಹುಟ್ಟಿದವರು ಎಂದು ಅಲ್ಲಿ ಹೇಳಲಾಗಿದೆ.

ಆದರೆ ಒಂದು ಸಂಗತಿ ನನ್ನನ್ನು ಕಾಡುತ್ತಿದೆ. ಮೂವರು ಅಣ್ಣತಮ್ಮಂದಿರಿದ್ದ ಮನೆಯಲ್ಲಿ ಮಕ್ಕಪರಿಜೆಯ ಅಗತ್ಯವೇನಿತ್ತು? ಇದಲ್ಲದೆ, ಇದನ್ನು ಪುಸ್ತಿಕೆಯಲ್ಲಿ ಅಚ್ಚು ಹಾಕಬಾರದು, ಸುಮ್ಮನೆ ನಾಲ್ವರು ಅಣ್ಣತಮ್ಮಂದಿರೆಂದು ಬರೆದರೆ ಸಾಕು ಎಂದು ಕವಲಿನ ಕೆಲವರು ಒತ್ತಾಯಿಸುತ್ತಿದ್ದಾರೆ.

ನಾಪೋಕ್ಲಿನ ಶಿಕ್ಷಕಿ

ಅಕ್ಕನ ಮದುವೆಯ ಹೊತ್ತಿಗೆ ತಮ್ಮಂದಿರು ಹುಟ್ಟಿರಲಿಲ್ಲವೋ, ಅಥವಾ ತಂದೆಯ ಎರಡನೆಯ ಹೆಂಡತಿಯ ಮಕ್ಕಳೋ ನೋಡಿ. ಗಂಡು ಮಕ್ಕಳಿಲ್ಲವೆಂದು ಹಿರಿಮಗಳಿಗೆ ಮಕ್ಕಪರಿಜೆ ಮಾಡಿದ ಮೇಲೆ ಗಂಡು ಸಂತಾನವಾದರೆ ಎರಡೂ ಕಡೆಯವರಿಗೆ ಒಕ್ಕದ ಹೆಸರು ಉಳಿಯುತ್ತದೆ, ಜಮೀನಿನಲ್ಲಿ ಮನಸ್ತಾಪ ಹುಟ್ಟುತ್ತದೆ. ನಿಮ್ಮ ಮೂಲಪುರುಷರು ಸಾಗು ಜಮೀನು ಮಾಡಿಕೊಂಡು ಪ್ರತ್ಯೇಕವಾದದ್ದಕ್ಕೂ, ಮುಂದೆ ದಾವೆ ನಡೆದದ್ದಕ್ಕೂ ಇದು ಹೊಂದುತ್ತದೆ. ಇದು ನನ್ನ ಊಹೆ ಮಾತ್ರ. ಮೂವರು ಅಣ್ಣತಮ್ಮಂದಿರ ತಾಯಿ ಯಾವ ಒಕ್ಕದಿಂದ ಬಂದವರು, ಅಕ್ಕನ ತಾಯಿ ಯಾವ ಒಕ್ಕದವರು ಎಂಬುದನ್ನು ತಿಳಿದ ಬಳಿಕವೇ ಬರೆಯಿರಿ.

ಅಚ್ಚು ಹಾಕಬಾರದೆನ್ನುವವರಿಗೆ ಒಂದು ಮಾತು ಹೇಳಿ. ಆ ಹೆಣ್ಣುಮಗಳು ಇರದಿದ್ದರೆ ನಿಮ್ಮ ಕವಲೇ ಇರುತ್ತಿರಲಿಲ್ಲ. ಅವಳನ್ನು ಅಳಿಸಿ ಇಲ್ಲದ ಅಣ್ಣನೊಬ್ಬನನ್ನು ಸೃಷ್ಟಿಸುವುದು ಯಾವ ಕಾರಣವರಿಗೆ ಒಪ್ಪಿಗೆಯಾದೀತು?

ನಿವೃತ್ತ ಕಂದಾಯ ನೌಕರ, ವಿರಾಜಪೇಟೆ

ವ್ಯಾವಹಾರಿಕವಾದ ಎಚ್ಚರಿಕೆಯೊಂದು. ತೀರ್ಪಿನಲ್ಲಿ ವಂಶಾವಳಿ ಇದೆ ಎಂದ ಮಾತ್ರಕ್ಕೆ ಅದು ಸತ್ಯವೆಂದು ಸಾಬೀತಾಗುವುದಿಲ್ಲ. ವಾದಿ ತನಗೆ ಬೇಕಾದಂತೆ ಬರೆಸಿರುತ್ತಾನೆ. ಪ್ರತಿವಾದಿ ತನ್ನ ಉತ್ತರದಲ್ಲಿ ಅದನ್ನು ಅಲ್ಲಗಳೆದನೇ, ಒಪ್ಪಿಕೊಂಡನೇ, ನ್ಯಾಯಾಧೀಶರು ಅದರ ಬಗ್ಗೆ ತೀರ್ಮಾನ ಕೊಟ್ಟರೇ ಎಂದು ಓದಿ. ಎರಡೂ ಪಕ್ಷಗಳು ಒಪ್ಪಿದ ಸಂಬಂಧವಾದರೆ ಅದಕ್ಕಿಂತ ಗಟ್ಟಿಯಾದ ಆಧಾರ ನಿಮಗೆ ಸಿಗಲಾರದು, ಏಕೆಂದರೆ ಜಮೀನಿಗಾಗಿ ಹೊಡೆದಾಡುತ್ತಿದ್ದವರು ಸುಳ್ಳು ಸಂಬಂಧವನ್ನು ಒಪ್ಪಿಕೊಳ್ಳುವುದಿಲ್ಲ.

ಮೂರ್ನಾಡಿನ ಕಡೆಯವನು

ಪ್ರತಿವಾದಿಗಳು ಸಂಬಂಧವನ್ನು ಒಪ್ಪಿ ಬಾಣೆಯ ಹಕ್ಕನ್ನು ಮಾತ್ರ ಪ್ರಶ್ನಿಸಿದ್ದಾರೆ. ಆದ್ದರಿಂದ ಪುಸ್ತಿಕೆಯಲ್ಲಿ ಅಕ್ಕನನ್ನು ಮೂವರು ತಮ್ಮಂದಿರ ಸಾಲಿನಲ್ಲಿಯೇ ಕೂರಿಸಿ, ಅವರಿಂದ ನಮ್ಮ ಕವಲನ್ನು ಎಳೆಯುವುದೆಂದು ಪಟ್ಟೆದಾರರು ಒಪ್ಪಿದ್ದಾರೆ. ಅಕ್ಕನ ಹೆಸರು ತೀರ್ಪಿನಲ್ಲಿಲ್ಲ, ‘ಹಿರಿಯ ಮಗಳು’ ಎಂದಷ್ಟೇ ಇದೆ. ನಾವೂ ಸದ್ಯಕ್ಕೆ ಹಾಗೆಯೇ ಬರೆಯುತ್ತೇವೆ. ಅವರ ಗಂಡ ಪಡಿನಾಲ್ಕುನಾಡಿನ ಒಕ್ಕವೊಂದರವರೆಂದು ಅರುವರು ಹೇಳಿದ್ದಾರಾದರೂ ಒಕ್ಕದ ಹೆಸರು ಅವರಿಗೆ ನೆನಪಿಲ್ಲ.

ನಿವೃತ್ತ ಕಂದಾಯ ನೌಕರ, ವಿರಾಜಪೇಟೆ

ಪಡಿನಾಲ್ಕುನಾಡು ಆಗ ತಾಲ್ಲೂಕಾಗಿತ್ತು, ಈಗ ಆ ಹೆಸರಿನ ತಾಲ್ಲೂಕಿಲ್ಲ. ಪತ್ರಾಗಾರಗಳ ಸೂಚಿಯಲ್ಲಿ ಮಡಿಕೇರಿ ಎಂದು ಹುಡುಕಿದರೆ ಎಷ್ಟೋ ಕಡತಗಳು ಸಿಗುವುದಿಲ್ಲ. ಮರ್ಕರಾ, ವೀರರಾಜೇಂದ್ರಪೇಟೆ, ಕುಶಾಲನಗರಕ್ಕೆ ಫ್ರೇಜರ್‌ಪೇಟೆ, ಇಡೀ ಜಿ‌ಲ್ಲೆಗೆ ಕೂರ್ಗ್ ಎಂದು ಹಳೆಯ ಹೆಸರುಗಳಲ್ಲಿಯೇ ಹುಡುಕಬೇಕು. ಪಡಿನಾಲ್ಕುನಾಡಿಗೆ ಸೇರಿದ ನಾಪೋಕ್ಲಿನಲ್ಲಿಯೇ ನಮ್ಮ ಶಿಕ್ಷಕಿಯವರಿದ್ದಾರೆ. ಆ ಸುತ್ತಿನ ಒಕ್ಕಗಳಲ್ಲಿ ನಿಮ್ಮ ಒಕ್ಕದೊಂದಿಗೆ ಹೆಣ್ಣು ಕೊಟ್ಟು ತರುವ ವ್ಯವಹಾರ ಯಾರು ಇಟ್ಟುಕೊಂಡಿಲ್ಲವೆಂದು ಅವರಿಂದಲೇ ಕೇಳಿ ತಿಳಿಯಿರಿ.

ನಾಪೋಕ್ಲಿನ ಶಿಕ್ಷಕಿ

ನಿಮ್ಮ ಒಕ್ಕದ ಹೆಸರನ್ನು ಇಲ್ಲಿ ಬರೆಯದೆ ನನಗೆ ಪ್ರತ್ಯೇಕವಾಗಿ ಕಳುಹಿಸಿ. ನನ್ನ ತಾಮನೆಯ (ತಾಯಿಯ ತವರಿನ) ಅಜ್ಜಿಗೆ ಈ ಸುತ್ತಿನ ಒಕ್ಕಗಳ ಮದುವೆ ಸಂಬಂಧಗಳು ಬಾಯಿಪಾಠವಿವೆ. ಪುತ್ತರಿ ಹಬ್ಬಕ್ಕೆ ಅಲ್ಲಿಗೆ ಹೋಗುವವಳಿದ್ದೇನೆ, ಕೇಳಿ ತಿಳಿಸುತ್ತೇನೆ.